ಅದ್ಲಾನನ ಬೆನ್ನು

ಮೊದಲು ಬೆನ್ನು ನೋಯುತ್ತದೆ ಎಂದ. ನಾನು ನಂಬಲಿಲ್ಲ.

ಭದ್ರಾವತಿಯಲ್ಲಿ ಕಾರ್ಖಾನೆಯ ಗೇಟಿನ ಹತ್ತಿರ ನನ್ನದೊಂದು ಖಾನಾವಳಿ ಇದೆ. ಗಂಡ ಹೋದ ಮೇಲೆ ನಾನು ಮತ್ತು ಪಕ್ಕದ ಮನೆಯ ಸೆಲ್ವಿ ಸೇರಿ ನಡೆಸುತ್ತಿದ್ದೇವೆ. ಅದ್ಲಾನ್ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದವನು. ರಷ್ಯಾದ ಚೆಚೆನ್ಯಾ ಕಡೆಯವನು, ಇಲ್ಲಿಯ ಕಾಲೇಜೊಂದಕ್ಕೆ ಓದಲು ಬಂದಿದ್ದ. ಮನೆಯಿಂದ ಬರುತ್ತಿದ್ದ ಹಣ ನಿಂತು ಓದೂ ನಿಂತಿತು. ಹಾಸ್ಟೆಲಿನಿಂದ ಹೊರಹಾಕಿದಾಗ ನಮ್ಮ ಹಿತ್ತಲ ಕೋಣೆಗೆ ಬಂದ. ಬಾಡಿಗೆಯ ಬದಲು ಮೂಟೆ ಇಳಿಸುತ್ತಿದ್ದ, ಹಿಟ್ಟು ನಾದುತ್ತಿದ್ದ. ಬಾಗಿಲಷ್ಟು ಎತ್ತರದ ಗಂಡಸು ಬೆನ್ನು ನೋವೆಂದರೆ ಯಾರು ತಾನೇ ನಂಬುತ್ತಾರೆ?

"ಮೂಟೆ ಎತ್ತಿದ್ದಕ್ಕೆ ಹಿಡ್ಕೊಂಡಿರತ್ತೆ. ನೀಲಗಿರಿ ಎಣ್ಣೆ ಹಚ್ಕೊಂಡು ಮಲ್ಕೋ ಮಾರಾಯ," ಎಂದೆ.

ಎಣ್ಣೆ ಹಚ್ಚಿಕೊಂಡ. ಸಂಜೆಯಾದರೆ ಮೈ ಬಿಸಿ. ಅಂಗಿ ದೊಗಲೆಯಾಗುತ್ತ ಬಂತು. ನಮ್ಮ ರೊಟ್ಟಿ ತಿಂದು ಸೊರಗಿದವನು ನೀನೊಬ್ಬನೇ ಎಂದು ಸೆಲ್ವಿ ತಮಾಷೆ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಕರೆದರೆ ಬರಲಿಲ್ಲ. ಹೋಗಿ ನೋಡಿದೆ. ನೆಲದ ಮೇಲೆ ಬಿದ್ದಿದ್ದ, ಎಚ್ಚರವಿತ್ತು.

"ಅಕ್ಕ, ಕಾಲು ಇಲ್ಲ," ಎಂದ.

ಕಾಲು ಇತ್ತು. ಅಲ್ಲಾಡುತ್ತಿರಲಿಲ್ಲ.

ಶಿವಮೊಗ್ಗಕ್ಕೆ ಕರೆದೊಯ್ದೆವು. ಸವಳಂಗ ರಸ್ತೆಯ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಡಾಕ್ಟರಮ್ಮ ಪರದೆಯ ಮೇಲೆ ಅವನ ಬೆನ್ನುಮೂಳೆ ತೋರಿಸಿದರು. ಅಕ್ಕಪಕ್ಕದ ಎರಡು ಮೂಳೆ ಕರಗಿವೆ, ಸುತ್ತ ಕೀವು ತುಂಬಿ ನರ ಒತ್ತುತ್ತಿದೆ, ಇದು ಸ್ಪೈನ್ ಟಿಬಿ ಎಂದರು.

"ಟಿಬಿ ಅಂದ್ರೆ ಕೆಮ್ಮಬೇಕಲ್ವಾ ಡಾಕ್ಟ್ರೇ?"

"ಬೆನ್ನಿಗೂ ಬರತ್ತಮ್ಮ. ಪೇಷಂಟ್‌ಗೆ ನೀವೇನಾಗ್ಬೇಕು?"

"ಅಕ್ಕ," ಎಂದೆ. ನನ್ನ ಹಣೆಯ ವಿಭೂತಿ ನೋಡಿದರು, ಅವನ ಕೆಂಪು ಗಡ್ಡ ನೋಡಿದರು. ಏನೂ ಕೇಳದೆ ಹಾಗೇ ಬರೆದುಕೊಂಡರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಕೀವು ತೆಗೆದರು. ಮಾತ್ರೆ ಶುರುವಾಯಿತು. ಕೆಂಪು ಕ್ಯಾಪ್ಸೂಲ್ ನುಂಗಿದರೆ ಮೂತ್ರವೂ ಕೆಂಪು, ಬೆವರೂ ಕೆಂಪು. ನುಂಗಿದ್ದೆಲ್ಲ ವಾಂತಿ. ಬೆಡ್‌ಪ್ಯಾನ್ ಇಡಲು ಹೋದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ನಾನು ಗಂಡನ ಕೊನೆಗಾಲದಲ್ಲಿ ಇದೆಲ್ಲ ಮಾಡಿದವಳು. ನಾಚಿಕೆ ಪಡಲು ಪುರುಸೊತ್ತಿಲ್ಲ, ಸುಮ್ಮನೆ ಸೊಂಟ ಎತ್ತು ಎಂದು ಗದರುತ್ತಿದ್ದೆ. ಸೆಲ್ವಿ ಒಬ್ಬಳೇ ಖಾನಾವಳಿ ಹಿಡಿದುಕೊಂಡಳು.

ಅವನು ಆ ಸ್ಥಿತಿಯಲ್ಲಿರುವಾಗಲೇ ನೋಟಿಸ್ ಬಂತು. ದೇಶ ಬಿಟ್ಟು ಹೋಗಬೇಕು.

ತಂದುಕೊಟ್ಟವನು ಮಂಜಪ್ಪ. ಹೊರದೇಶದವರ ಮೇಲೆ ಕಣ್ಣಿಡುವ ಕೆಲಸದ ಪೊಲೀಸ್. ನಮ್ಮ ಖಾನಾವಳಿಯ ಹಳೆಯ ಗಿರಾಕಿ, ಮೊಸರು ಕೇಳಿ ಕೇಳಿ ಹಾಕಿಸಿಕೊಳ್ಳುವವನು. ವೀಸಾ ಮುಗಿದಿದೆ, ಪಾಸ್‌ಪೋರ್ಟೂ ಮುಗಿದಿದೆ ಎಂದ. ಹೊಸದು ಮಾಡಿಸಲು ಅದ್ಲಾನ್ ಅವರ ರಾಯಭಾರ ಕಚೇರಿಗೆ ಹೋಗಿದ್ದನಂತೆ. ಊರಿಗೆ ಬಾ, ಅಲ್ಲೇ ಕೊಡುತ್ತೇವೆ ಎಂದಿದ್ದರಂತೆ. ಊರಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಅವನು ನನಗೆ ಹೇಳಿದ್ದು ಆಸ್ಪತ್ರೆಯ ಆ ಮಂಚದ ಮೇಲೆಯೇ. ಅಲ್ಲಿಯ ಆಳುವವರ ವಿರುದ್ಧ ಅವನ ಅಣ್ಣ ಫೋನಿನಲ್ಲಿ ಏನೋ ಬರೆದಿದ್ದ. ಸಮವಸ್ತ್ರದವರು ಬಂದು ಎತ್ತಿಕೊಂಡು ಹೋದರು. ತಿರುಗಿ ಬಂದದ್ದು ಹೆಣ. ತೊಳೆಯುವಾಗ ತಾಯಿಯನ್ನು ಹತ್ತಿರ ಬಿಡಲಿಲ್ಲವಂತೆ. ನೋಡುವ ಹಾಗಿರಲಿಲ್ಲ. ಅದನ್ನೆಲ್ಲ ಇಲ್ಲಿಂದ ಅದ್ಲಾನ್ ಫೋನಿನಲ್ಲಿ ಬರೆದ. ಆಮೇಲೆ ಅದೇ ಸಮವಸ್ತ್ರದವರು ಅವರ ಮನೆಗೆ ಬಂದು ತಮ್ಮನೆಲ್ಲಿ ಎಂದು ಕೇಳಿಹೋದರು.

"ಅವ್ನ ದೇಶಕ್ಕೇ ಅಲ್ವಾ ಅಕ್ಕ ಕಳ್ಸೋದು? ನಾವೇನು ಜೈಲಿಗೆ ಹಾಕ್ತೀವಾ?" ಎಂದ ಮಂಜಪ್ಪ.

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಓದಿದವರು, ದೊಡ್ಡ ಮನುಷ್ಯರು, ದಿನಾ ಪೂಜೆ ಮಾಡುವವರು ಹೇಳಿದರು. ತಪ್ಪಿಸಿಕೊಂಡು ಬಂದ ಕುರಿಯನ್ನು ಕಟುಕನ ಅಂಗಳಕ್ಕೆ ಅಟ್ಟಿ, ಅದರ ಮನೆಗೇ ಬಿಟ್ಟೆ ಎಂದ ಹಾಗೆ. ಕೊಲ್ಲುವವನ ಕೈಗೆ ಕೊಟ್ಟವನ ಕೈಯ ಪಾಪ ತೊಳೆದರೆ ಹೋಗುವುದಿಲ್ಲ. ನಾನು ಆಗಲೂ ಇದನ್ನೇ ಅಂದೆ, ಈಗಲೂ ಅನ್ನುತ್ತೇನೆ.

ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ವಕೀಲ ನಸೀರ್ ಸಾಹೇಬರ ಮನೆಗೆ ಹೋದೆ.

"ದೇಖೋ ಅಮ್ಮ, ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾನೂನೇ ಇಲ್ಲ. ಹೈಕೋರ್ಟಿಗೆ ಹಾಕ್ತೀನಿ, ಟೈಮ್ ಬೇಕು," ಎಂದರು. "ಅಲ್ಲೀವರೆಗೂ ಒಂದೇ ದಾರಿ. ಪ್ರಯಾಣ ಮಾಡೋ ಸ್ಥಿತೀಲಿ ಇಲ್ಲ ಅಂತ ಡಾಕ್ಟ್ರು ಬರೀಲಿ."

ಡಾಕ್ಟರಮ್ಮ ಬರೆದರು. ಇದ್ದದ್ದನ್ನೇ ಬರೆದರು. ಮಂಜಪ್ಪ ಕಾಗದ ತೆಗೆದುಕೊಂಡು ಹೋದ. ನಾವು ಉಸಿರು ಬಿಟ್ಟೆವು.

ಕಾಯಿಲೆ ಅವನನ್ನು ಕಾಯತೊಡಗಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ನನಗೆ ಗೊತ್ತಿದ್ದದ್ದು ಒಂದೇ, ಅವನನ್ನು ನಡೆಸಬೇಕು. ಮನೆಗೆ ತಂದ ದಿನವೇ ಹರಕೆ ಹೊತ್ತೆ. ಇವನು ಎದ್ದು ನಿಂತರೆ ಒಂದು ಸೋಮವಾರ ಇಡೀ ಬೀದಿಗೆ ದಾಸೋಹ ಮಾಡುತ್ತೇನೆ, ಎದ್ದವನೇ ತನ್ನ ಕೈಯಾರೆ ಪಾಯಸ ಬಡಿಸುತ್ತಾನೆ ಎಂದು. ನಮ್ಮ ತವರಿನಲ್ಲಿ ಹರಕೆ ಹೀಗೇ.

ತಿಂಗಳುಗಳು ಹೋದವು. ಬ್ರೇಸ್ ಕಟ್ಟಿ ಕೂರಿಸಿದೆ, ಗೋಡೆ ಹಿಡಿಸಿ ನಿಲ್ಲಿಸಿದೆ. ಬೈದೆ, ಅತ್ತೆ, ಮತ್ತೆ ಬೈದೆ. ಮುದ್ದೆ ನುಂಗು ಎಂದರೆ ಮಾಂಸ ಕೇಳುತ್ತಿದ್ದ. ನಮ್ಮ ಒಲೆಯ ಮೇಲೆ ಅದು ಆಗುವ ಮಾತಲ್ಲ. ಸೆಲ್ವಿ ತನ್ನ ಮನೆಯಲ್ಲಿ ಬೇಯಿಸಿ ತಂದು ಹಿತ್ತಲಲ್ಲಿ ತಿನ್ನಿಸುತ್ತಿದ್ದಳು, ನಾನು ಕಾಣದವಳ ಹಾಗೆ ಇರುತ್ತಿದ್ದೆ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ತಿರುಗಿ ನೋಡಿದರೆ ಏನನ್ನೂ ಹಿಡಿಯದೆ ನಿಂತಿದ್ದಾನೆ.

"ಅಕ್ಕ, ಕಾಲು ಇದೆ."

ಹರಕೆ ಬಾಕಿ ಇಡಬಾರದು. ಮುಂದಿನ ಸೋಮವಾರವೇ ದಾಸೋಹ ಇಟ್ಟೆ. ನಸೀರ್ ಸಾಹೇಬರು ಸ್ವಲ್ಪ ತಡಿ ಎನ್ನಲು ನಾನು ಅವರನ್ನು ಕೇಳಿದ್ದರೆ ತಾನೇ? ಕೇಳಲಿಲ್ಲ. ಬೀದಿಯ ಜನ ಎಲ್ಲ ಬಂದರು, ಸಾಲು ಸಾಲು ಎಲೆ ಹಾಕಿದೆವು. ಎರಡನೆಯ ಪಂಕ್ತಿಯಲ್ಲಿ ಮಂಜಪ್ಪ ಕೂತಿದ್ದ. ಯಾರು ಕರೆದರೋ ಗೊತ್ತಿಲ್ಲ. ದಾಸೋಹಕ್ಕೆ ಯಾರೂ ಕರೆಯಬೇಕಿಲ್ಲ. ಕೂತವನನ್ನು ಎಬ್ಬಿಸುವುದು ನನ್ನಿಂದಾಗುವುದಿಲ್ಲ, ಶತ್ರುವಾದರೂ ಎಬ್ಬಿಸುವ ಹಾಗಿಲ್ಲ. ಅದ್ಲಾನ್ ಪಾಯಸದ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತ ಬಂದ. ಮಂಜಪ್ಪನ ಎಲೆಯ ಮುಂದೆಯೂ ಬಗ್ಗಿದ.

"ಇನ್ನೊಂದ್ ಸೌಟು ಹಾಕಪ್ಪ. ಆರಾಮಾಗಿದ್ದೀಯಲ್ಲ," ಎಂದ ಮಂಜಪ್ಪ.

"ಆರಾಮ್ ಅಣ್ಣ," ಎಂದ ಅದ್ಲಾನ್, ನಗುತ್ತ. ನಾನೇ ಕಲಿಸಿದ ಕನ್ನಡ.

ಆ ವಾರವೇ ವರದಿ ಹೋಯಿತು. ಓಡಾಡುತ್ತಾನೆ, ಬಕೆಟ್ ಎತ್ತುತ್ತಾನೆ. ಮೆಡಿಕಲ್ ಬೋರ್ಡ್ ಮುಂದೆ ಹಾಜರುಪಡಿಸಬೇಕು, ಫಿಟ್ ಎಂದರೆ ವಿಮಾನ.

ಮಂಜಪ್ಪನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. "ನನ್ನ ಮನೆ ಪಾಯಸ ಉಂಡು ಹೀಗ್ ಬರ್ದೆಯಲ್ಲೋ," ಎಂದೆ.

"ಕಣ್ಣಾರೆ ನೋಡಿದ್ದನ್ನ ಇಲ್ಲ ಅಂತ ಹೇಗ್ ಬರೀಲಿ ಅಕ್ಕ? ನಂಗೂ ಹೆಂಡ್ತಿ ಮಕ್ಳು ಇಲ್ವಾ?" ಎಂದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಸೀರ್ ಸಾಹೇಬರು ತಲೆ ಚಚ್ಚಿಕೊಂಡರು. ಹೈಕೋರ್ಟಿನಲ್ಲಿ ಇನ್ನೂ ನಮ್ಮ ಸರದಿ ಬಂದಿರಲಿಲ್ಲ.

ದಿನಗಳು ಕಳೆದಂತೆ ಅದ್ಲಾನನ ಮಾತು ಕಮ್ಮಿಯಾಯಿತು, ಸಂಜೆಯ ಜ್ವರ ತಿರುಗಿ ಬಂತು. ಚಿಂತೆಗೆ ಎಂದುಕೊಂಡೆ. ಒಂದು ಬೆಳಿಗ್ಗೆ ರೊಟ್ಟಿ ಒಲೆಯ ಬೂದಿ ತೆಗೆಯುತ್ತಿದ್ದೆ. ಬೂದಿಯಲ್ಲಿ ಕೆಂಪು ಕಂಡಿತು. ಕೆದಕಿದೆ. ಅರ್ಧ ಸುಟ್ಟ ಕ್ಯಾಪ್ಸೂಲುಗಳು.

ಹೋಗಿ ಕೆನ್ನೆಗೆ ಹೊಡೆದೆ. ನನ್ನ ಎರಡರಷ್ಟಿರುವ ಗಂಡಸು, ಹೊಡೆಸಿಕೊಂಡು ನಿಂತ.

"ಯಾಕೋ? ನಿನ್ನ ಹೇಲು ಉಚ್ಚೆ ಬಾಚಿದ್ದು ಇದಕ್ಕೇನೋ?"

"ಬೆನ್ನು ಸರಿ ಆದ್ರೆ ನನ್ನ ಕಳಿಸ್ತಾರೆ ಅಕ್ಕ. ಅಲ್ಲಿ ಬೆನ್ನು ಮುರೀತಾರೆ. ಅಣ್ಣಂದು ಹಾಗೇ ಮುರಿದ್ರು. ಇಲ್ಲಿ ಹಾಳಾದ್ರೆ ನೀನು ಇದ್ದೀಯ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಮಾತ್ರೆ ನುಂಗಿಸಿದರೆ ಅವನನ್ನು ನಾನೇ ವಿಮಾನ ಹತ್ತಿಸಿದ ಹಾಗೆ. ನುಂಗಿಸದಿದ್ದರೆ ಕಾಲು ಹೋಗುತ್ತದೆ, ಆಮೇಲೆ ಜೀವವೂ. ಯಾವ ಕೈಯಿಂದ ನೀರು ಕೊಡಲಿ? ಅವತ್ತು ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಒಂದು ಗಳಿಗೆ, ಬೂದಿಯನ್ನು ಮತ್ತೆ ಒಲೆಗೇ ತಳ್ಳಿ ಸುಮ್ಮನಿದ್ದುಬಿಡೋಣ ಎನಿಸಿತು.

ಎದ್ದೆ. ಮಾತ್ರೆ ತಂದೆ. ಬಾಯಿ ತೆರೆಸಿದೆ, ನುಂಗಿಸಿದೆ, ನಾಲಿಗೆ ಎತ್ತಿಸಿ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಬಡಕಲು ದನ ಕೂಡ ಹೊಡೆಯುವವನನ್ನು ಹಾಗೆ ನೋಡುವುದಿಲ್ಲ. ಆಮೇಲೆ ಪ್ರತಿದಿನವೂ ಹಾಗೇ ನುಂಗಿಸಿದೆ.

ಬೋರ್ಡಿಗೆ ಮೊದಲು ಹೊಸ ಸ್ಕ್ಯಾನ್ ಬೇಕಿತ್ತು. ಮತ್ತೆ ಸವಳಂಗ ರಸ್ತೆ, ಮತ್ತೆ ಅದೇ ಕೋಣೆ. ಹೊರಗೆ ಮಂಜಪ್ಪ ಬೆಂಚಿನ ಮೇಲೆ ಕೂತಿದ್ದ. ಡಾಕ್ಟರಮ್ಮ ಪರದೆ ನೋಡಿ ನನ್ನ ಕಡೆ ತಿರುಗಿದರು.

"ಸಾರಿ ಅಮ್ಮ. ಮತ್ತೆ ಕೀವು ತುಂಬಿದೆ. ಮಾತ್ರೆ ಬಿಟ್ಟಿದ್ದಕ್ಕೋ, ಮಾತ್ರೆಗೆ ಬಗ್ಗದ ಟಿಬಿಯೋ, ಕೀವಿನ ಕಲ್ಚರ್ ರಿಪೋರ್ಟ್ ಬಂದ್ಮೇಲೆ ಗೊತ್ತಾಗತ್ತೆ. ಟ್ರೀಟ್‌ಮೆಂಟ್ ಮೊದ್ಲಿಂದ ಶುರು ಮಾಡ್ಬೇಕು. ಈ ಸಲ ಇನ್ನೂ ಕಷ್ಟ. ಕಾಲಿನ ಗ್ಯಾರಂಟಿ ಕೊಡಲ್ಲ."

"ವಿಮಾನ?"

"ಬಸ್ಸೂ ಹತ್ಸೋ ಹಾಗಿಲ್ಲ."

ನಾನು ಪರದೆಗೆ ಕೈ ಮುಗಿದೆ. ಕೀವಿಗೆ. ಅಳುತ್ತಿದ್ದೇನೆಂದು ತಿಳಿದು ಡಾಕ್ಟರಮ್ಮ ಭುಜ ಹಿಡಿದರು. ಸ್ಟ್ರೆಚರಿನ ಮೇಲೆ ಅದ್ಲಾನ್ ಕಣ್ಣು ಮುಚ್ಚಿಕೊಂಡಿದ್ದ, ತುಟಿ ಅಲ್ಲಾಡುತ್ತಿತ್ತು. ಅವನೂ ತನ್ನ ದೇವರಿಗೆ ಅದನ್ನೇ ಹೇಳುತ್ತಿದ್ದನೆಂದು ಕಾಣುತ್ತದೆ.

ಈಗ ಮತ್ತೆ ಹಿತ್ತಲ ಕೋಣೆಯಲ್ಲಿ ಮಲಗಿದ್ದಾನೆ. ಎಡಗಾಲು ಎಳೆಯುತ್ತದೆ. ಹೊಸ ಮಾತ್ರೆಗೆ ಕಿವಿಯಲ್ಲಿ ಗುಂಯ್ ಎನ್ನುತ್ತದಂತೆ. ಹೈಕೋರ್ಟಿನಲ್ಲಿ ನಮ್ಮ ಅರ್ಜಿ ತೆಗೆದುಕೊಂಡಿದ್ದಾರೆ, ತೀರ್ಪು ಬರುವವರೆಗೆ ಅವನು ಬದುಕಿದ್ದು, ಪೂರ್ತಿ ಗುಣವಾಗದೆ ಇದ್ದರೆ ಸಾಕು ಎಂದು ನಸೀರ್ ಸಾಹೇಬರು ನೆಲ ನೋಡುತ್ತ ಹೇಳಿದರು. ಮಾತ್ರೆ ಬಿಡುವುದಿಲ್ಲ ಎಂದು ಅವನಿಂದ ಭಾಷೆ ತೆಗೆದುಕೊಂಡಿದ್ದೇನೆ. ನಾನು ಮಾತ್ರ ಹೊಸ ಹರಕೆ ಹೊತ್ತಿಲ್ಲ. ಏನೆಂದು ಬೇಡಿಕೊಳ್ಳಬೇಕೋ ತಿಳಿಯುವುದಿಲ್ಲ.

ಮಂಜಪ್ಪ ಈಗಲೂ ಮಧ್ಯಾಹ್ನ ಊಟಕ್ಕೆ ಬರುತ್ತಾನೆ. ಬಡಿಸುತ್ತೇನೆ, ಮೊಸರನ್ನೂ ಹಾಕುತ್ತೇನೆ. ನಿನ್ನೆ ಕೈ ತೊಳೆದು ಹೋಗುವಾಗ ಹಿತ್ತಲ ಕಡೆ ನೋಡಿ ಕೇಳಿದ.

"ಹೇಗಿದ್ದಾನೆ ಅಕ್ಕ?"

"ಹುಷಾರಿಲ್ಲಪ್ಪ," ಎಂದೆ. "ದೇವರು ದೊಡ್ಡವನು."