ಸೀರೆ ಇಲ್ಲ ಎಂದ ಫೋನು

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ ಕಲ್ಯಾಣದುರ್ಗ, ನಮ್ಮಕ್ಕ ನಾಗಮ್ಮನ ಪಡಸಾಲೆ. ಹಾಜರಿದ್ದವರು ಅಕ್ಕ, ನನ್ನ ಸೊಸೆ ಲತಾ, ನಾನು. ಹಿಂದೂಪುರದ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನಿಗೆ ಹಾಜರಿ ಹಾಕದೆ ಯಾವ ಕೆಲಸವೂ ಶುರುವಾಗುವುದಿಲ್ಲ, ಮನ್ನಿಸಿ.

ಮನೆಯಲ್ಲೇ ಸೀರೆ ಮಾರುವ ಹೆಂಗಸರಿಗಾಗಿ ಲತಾ ಒಂದು ಆ್ಯಪ್ ಮಾಡಿದ್ದಾಳೆ. ಸೀರೆಯ ಫೋಟೊ ಹಾಕಿದರೆ ಊರಾಚೆಯ ಗಿರಾಕಿಗೂ ಕಾಣುತ್ತದೆ. ಅವಳ ಒಂದು ವರ್ಷದ ದುಡಿಮೆ. ಅಕ್ಕನೂ ಮನೆಯಲ್ಲೇ ಸೀರೆ ಮಾರುವವಳು. ಅಕ್ಕ ಮೆಚ್ಚಿದರೆ ಬೀದಿಯವರೆಲ್ಲ ಹಾಕಿಸಿಕೊಳ್ಳುತ್ತಾರೆ. ಅಕ್ಕ ಮುಖ ತಿರುಗಿಸಿದರೆ ಒಬ್ಬರೂ ಮುಟ್ಟುವುದಿಲ್ಲ. ನಮ್ಮದು ಆಂಧ್ರದ ಗಡಿ, ಎರಡೂ ಭಾಷೆ ಬೇಕು; ಅದರೊಳಗಿನ ತೆಲುಗು ಮಾತುಗಳನ್ನು ಲತಾ ಬರೆದಿದ್ದಳು. ಕನ್ನಡದವನ್ನು ಬರೆದವರು ಯಾರೆಂದು ಸದ್ಯಕ್ಕೆ ಹೇಳುವುದಿಲ್ಲ.

ಅಕ್ಕ ಕನ್ನಡಕ ಏರಿಸಿ ಫೋನಿನ ಮೇಲೆ ಬೆರಳಿಟ್ಟಳು. 'ಹೆಸರು ಬರೆಯಿರಿ.' ಬರೆದಳು. 'ಫೋನ್ ನಂಬರ್ ಬರೆಯಿರಿ.' ಬರೆದಳು. 'ತಪ್ಪು. ಮತ್ತೆ ಬರೆಯಿರಿ.' ಹುಬ್ಬು ಗಂಟಾಯಿತು. ಕೊನೆಗೆ, ಇನ್ನೂ ಒಂದು ಫೋಟೊವನ್ನೂ ಹಾಕಿರದ ಬಿಳಿ ಪರದೆಯ ನಡುವೆ ಎರಡೇ ಪದ: 'ಸೀರೆ ಇಲ್ಲ.'

ಅಕ್ಕ ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

"ಏನ್ ಕಣಮ್ಮಾ ಇದು! ಶುಕ್ರವಾರದ ಹೊತ್ನಾಗೆ, ಬೀರು ತುಂಬ ಸೀರೆ ಇಕ್ಕೊಂಡಿರೋಳ್ಗೆ ಇಲ್ಲ ಅಂತೈತಲ್ಲ! ಯಾವನಮ್ಮಾ ಬರ್ದೋನು?"

ಲತಾ ನನ್ನ ಕಡೆ ನೋಡಲಿಲ್ಲ. ಒಳ್ಳೆಯ ಹುಡುಗಿ. ನಾನೇ ಕೈ ಎತ್ತಿದೆ.

"ನೀನೇನ್ಲಾ? ಹುಡುಗ್ರನ್ನ ಬಿಸ್ಲಾಗೆ ನಿಲ್ಸಿದ್ದು ಸಾಲ್ದು ಅಂತ ನನ್ನೂ ನಿಲ್ಲಿಸ್ತೀಯಾ?"

ನಮ್ಮ ಕಡೆ ಡಬ್ಬಿಯ ಅಕ್ಕಿ ಮುಗಿದರೂ 'ತುಂಬೈತೆ' ಅನ್ನುತ್ತಾರೆಯೇ ಹೊರತು, ಅಪಶಕುನವೆಂದು 'ಇಲ್ಲ' ಅನ್ನುವುದಿಲ್ಲ. ಅದನ್ನು ಬಲ್ಲ ನಾನೇ, ಖಾಲಿ ಪರದೆ ಕಂಡೊಡನೆ ಗೈರುಹಾಜರಿ ಗುರುತು ಹಾಕಿಬಿಟ್ಟಿದ್ದೆ.

ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬಳು ಹೊಸಿಲ ಬಳಿ ಅಳುಕುತ್ತ ನಿಂತಳು. ಅಕ್ಕ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನೀರು ಕೊಟ್ಟು, ಹಸಿರು ಸೀರೆಯೊಂದನ್ನು ಎದುರಿಗೆ ಹರಡಿದಳು. "ತಗೊಳ್ಳೋದು ಆಮೇಲಿರ್ಲಿ ಕಣಮ್ಮ, ಸುಮ್ಕೆ ಮುಟ್ಟಿ ನೋಡು." ಸೆರಗಿನ ಮೇಲೆ ಕೈಯಾಡಿಸುತ್ತ ಆಕೆ ತಾನಾಗಿಯೇ ತನ್ನ ಹೆಸರು, ಊರು ಬ್ರಹ್ಮಸಮುದ್ರ, ತಂಗಿಯ ಮದುವೆ ಎಲ್ಲವನ್ನೂ ಹೇಳಿದಳು. ನಾವು ನಾಲ್ಕು ಪರದೆಗಳಲ್ಲಿ ಗದರಿಸಿ ಪಡೆದದ್ದಕ್ಕಿಂತ ಹೆಚ್ಚು!

ಲತಾ ಆ ಹಸಿರು ಸೀರೆಯ ಫೋಟೊ ತೆಗೆದುಕೊಂಡಳು. ಬಸ್ಸಿನಲ್ಲಿ ಹಿಂದೂಪುರ ಬರುವವರೆಗೂ ನಾನು ಯೋಚಿಸಿದೆ: ಶಾಲೆಗೆ ಮೊದಲ ದಿನ ಬಂದ ಮಕ್ಕಳಿಗೆ ನಾನು ಮೊದಲು ಹೇಳುತ್ತಿದ್ದುದೇನು? 'ಸಾಲು ಹಿಡಿ.' ಎಷ್ಟು ನೆನೆದರೂ ಬೇರೆ ಮಾತು ಸಿಗಲಿಲ್ಲ.

ಸಂಜೆ ಆರಕ್ಕೆ ತಿದ್ದಿದ ಆ್ಯಪ್ ಅಕ್ಕನ ಫೋನಿಗೆ ಹೋಯಿತು. ತೆರೆದೊಡನೆ ಹಸಿರು ಸೀರೆ ಹರಡಿಕೊಳ್ಳುತ್ತದೆ, ಕೆಳಗೆ 'ಮುಟ್ಟಿ ನೋಡಿ'. ಹೆಸರು, ನಂಬರು ಆಮೇಲೆ. ಅರ್ಧ ಗಂಟೆಗೆ ಅಕ್ಕನ ಫೋನು: "ಪಕ್ಕದ್ಮನೆ ರತ್ನನೂ ಬೇಕು ಅಂತಾವ್ಳೆ. ಆದ್ರೆ ಆ 'ತಪ್ಪು' ಇನ್ನೂ ಅಂಗೇ ಐತೆ ಕಣ್ಲಾ."

ಏಳಕ್ಕೆ ಮುಂಚೆ ಅದನ್ನು ಹೊಡೆದುಹಾಕಿ, 'ಇನ್ನೊಂದು ಸಲ ನೋಡೋಣ' ಎಂದು ಬರೆದು ಸೊಸೆಯ ಕೈಗಿತ್ತೆ. ಅಂದು ಶಾಲೆಯ ಮಕ್ಕಳಿಗೆ ಹೇಳಬೇಕಿದ್ದ ಮಾತು, ಸ್ವಲ್ಪ ತಡವಾಗಿ ಅಕ್ಕನಿಗೆ ತಲುಪಿತು.