ಸಡಿಲ ಗಂಟಿನ ನಕ್ಷತ್ರ

ಅರಿಶಿನಕುಂಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಎಲ್ಲದಕ್ಕೂ ದೇವರಿಗೆ ‘ಸ್ತೋತ್ರ’ ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರು ಬಂದರೂ ಸ್ತೋತ್ರ, ಬಸ್ಸು ತಪ್ಪಿದರೂ ಸ್ತೋತ್ರ.

ಒಂದು ನವೆಂಬರಿನಲ್ಲಿ ಅವರ ಮಗನ ಬೈಕಿಗೆ ಹೆದ್ದಾರಿಯಲ್ಲಿ ಲಾರಿ ಬಡಿಯಿತು. ಅವನಿಗೆ ಪ್ರಜ್ಞೆ ಬರಲಿಲ್ಲ; ಏನೂ ಹೇಳಲಾಗದು ಎಂದರು ಡಾಕ್ಟರು. ಕ್ರಿಸ್‌ಮಸ್ಸಿಗೆ ಬಾಗಿಲ ಮೇಲೆ ಕಾಗದದ ನಕ್ಷತ್ರ ಕಟ್ಟುವುದು ಪ್ರತಿವರ್ಷ ಅವನದೇ ಕೆಲಸ. ಈ ಸಲ ಅವರಿಗೆ ಹಬ್ಬವಿಲ್ಲವೆಂದುಕೊಂಡು, ಮರ್ಯಾದೆಗೆ, ನಮ್ಮ ಬಾಗಿಲಿಗೆ ನಾನು ರಂಗೋಲಿ ಹಾಕುವುದನ್ನು ಬಿಟ್ಟಿದ್ದೆ.

ಡಿಸೆಂಬರಿನ ಒಂದು ಸಂಜೆ ಆಂಟಿ ಆಸ್ಪತ್ರೆಯಿಂದ ಬಂದವರೇ ಸ್ಟೂಲು ಹೊರಗಿಟ್ಟರು.

“ಬಾರಮ್ಮ, ಸ್ಟೂಲ್ ಹಿಡ್ಕೋ. ನಿನ್ ರಂಗೋಲಿ ಎಲ್ಲೋಯ್ತು?”

“ಈ ವರ್ಷಾನೂ ಕಟ್ತೀರಾ ಆಂಟಿ?”

“ಅವ್ನು ಮಲಗವ್ನೆ ಅಂತ ಯೇಸಪ್ಪ ಹುಟ್ಟೋದು ಬಿಡ್ತಾನೇನಮ್ಮ?”

ಆಂಟಿ ನಕ್ಷತ್ರ ಹಿಡಿದು ಸ್ಟೂಲು ಹತ್ತಿದರು. ನಾನು ಸ್ಟೂಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಗಂಟು ಸಡಿಲವಾಯಿತು ಎಂದೆ.

“ಇರ್ಲಿ ಬಿಡು. ನಾನ್ ಕಟ್ಟಿದ್ ಗಂಟು ಕಂಡ್ರೆ ಅವ್ನಿಗೆ ಆಗಲ್ಲ. ಎದ್ದು ಬಂದು, ಬೈಕೊಂಡು, ಬಿಚ್ಚಿ ಕಟ್ಲಿ. ಸ್ತೋತ್ರ.”

ಮಾರನೆಯ ಬೆಳಿಗ್ಗೆ ನಾನು ನಮ್ಮ ಬಾಗಿಲಿಗೆ ರಂಗೋಲಿ ಹಾಕಿದೆ. ಹಿಟ್ಟು ಉಳಿದಿತ್ತು, ಅವರ ಬಾಗಿಲಿಗೂ ಹಾಕಿದೆ.