ಫಿರ್ಮಾಂ ಕ್ಲೆರ್ಜೊ ಮತ್ತು ಫುರ್ನೆಲ್‌ನ ಒರತೆ

ಫಿರ್ಮಾಂ ಕ್ಲೆರ್ಜೊ ಸತ್ತಾಗ ಪಾದ್ರಿಗಳು ಅವನನ್ನು ‘ನಮ್ಮ ಊರಿನ ನೆನಪು’ ಎಂದು ಕರೆದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ನಗು ತಡೆಯಲಾರದೆ ಕೈಗವಸು ಕಚ್ಚಿಕೊಂಡೆ. ನಾನು ಒದೆತ್, ಮೂವತ್ತೊಂದು ವರ್ಷ ಈ ವೊಸಾರ್‌ನಲ್ಲಿ ಅಂಚೆ ಹಂಚಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಯಜಮಾನ ಕಚ್ಚುತ್ತಾನೆ, ಎಲ್ಲ ಗೊತ್ತು. ಕ್ಲೆರ್ಜೊ ಕಚ್ಚುವ ಪೈಕಿಯವನಲ್ಲ. ಅವನು ಮೂಸಿ ನೋಡಿ ಮುಖ ತಿರುಗಿಸುವವನು.

ಕೆಳಗೆ ಓರ್ವೆತ್ ಹಳ್ಳದ ಬದಿಗೆ ವೊಸಾರ್. ಚರ್ಚು, ಶಾಲೆ, ಗ್ರಾಮ ಕಚೇರಿ, ನಲವತ್ತು ಮನೆ. ಮೇಲೆ ಬೀಚ್ ಮರಗಳ ಕಾಡಿನ ಅಂಚಿಗೆ ನಮ್ಮ ಫುರ್ನೆಲ್, ಒಂಬತ್ತು ಮನೆ. ಕಾಗದದ ಮೇಲೆ ಎರಡೂ ಸೇರಿ ಒಂದೇ ಊರು. ನಮ್ಮ ಹಿರಿಯರು ಇದ್ದಿಲು ಸುಟ್ಟು ಬದುಕಿದವರು. ಕೆಳಗಿನವರ ಒಲೆ, ಕುಲುಮೆ ಎಲ್ಲ ಉರಿದದ್ದು ಆ ಇದ್ದಿಲಿನಿಂದಲೇ. ಆದರೂ ಶಾಲೆಯಲ್ಲಿ ನಮ್ಮ ಪಕ್ಕ ಕುಳಿತರೆ ಮಸಿ ಹತ್ತುತ್ತದೆ ಎನ್ನುತ್ತಿದ್ದರು.

ಕ್ಲೆರ್ಜೊ ಲಾಂಗ್ರ್ ಪೇಟೆಯ ಒಬ್ಬ ನೋಟರಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಸೇರಿದ ದಿನ ಯಾವ ಕುರ್ಚಿಯಲ್ಲಿ ಕೂತನೋ ಬಿಟ್ಟ ದಿನವೂ ಅದೇ ಕುರ್ಚಿ. ಬಸ್ಸಿನಲ್ಲಿ ಕೂರುವ ಮೊದಲು ಸೀಟನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಭಾನುವಾರ ಕೋಳಿಗೆ ಕಾಳು ಹಾಕುವಾಗಲೂ ಕುತ್ತಿಗೆಗೆ ಟೈ. ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಲವತ್ತು ದಾಟಿದ ಮೇಲೆ ಅವನಿಗೆ ಇತಿಹಾಸದ ಹುಚ್ಚು ಹಿಡಿಯಿತು.

ಕೆಳಗಿನ ಊರಿನಲ್ಲಿ ಒಂದು ಕಾಲಕ್ಕೆ ದೊರೆಯ ಕೋಟೆ ಇತ್ತಂತೆ. ಈಗ ಉಳಿದಿರುವುದು ಪಾರಿವಾಳದ ಗೋಪುರವೊಂದೇ, ಅದರಲ್ಲೂ ಪಾರಿವಾಳವಿಲ್ಲ, ಯಾರದೋ ಮೊಲದ ಗೂಡುಗಳಿವೆ. ಕ್ಲೆರ್ಜೊ ಅದನ್ನು ಟೇಪು ಹಿಡಿದು ಅಳೆದ, ಮತ್ತೆ ಮತ್ತೆ ಅಳೆದ. ಕೋಟೆಯ ಪಾರುಪತ್ಯಗಾರ ತನ್ನ ವಂಶದವನೇ ಎಂದು ಎಲ್ಲಿಂದಲೋ ಪತ್ತೆ ಮಾಡಿದ. ದೊರೆ ಎಂದು ಹೇಳಿಕೊಳ್ಳುವ ಧೈರ್ಯವಿಲ್ಲ, ದೊರೆಯ ಬೀಗದ ಕೈ ಹೊತ್ತವನು ಎಂಬುದೇ ಅವನಿಗೆ ಹೆಮ್ಮೆ. ಇಷ್ಟು ಸಣ್ಣ ಜಂಬವನ್ನು ನಾನು ಬೇರೆಲ್ಲೂ ಕಂಡಿಲ್ಲ.

1971ರಲ್ಲಿ ಅವನ ಪುಸ್ತಕ ಅಚ್ಚಾಯಿತು, ಇನ್ನೂರ ಹನ್ನೆರಡು ಪುಟ. ಮನೆಗೊಂದರಂತೆ ಹಂಚುವ ಕೆಲಸ ನನ್ನ ಪಾಲಿಗೆ ಬಂತು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮೇಲಿನ ಒಂಬತ್ತನ್ನೂ ಬೆಟ್ಟ ಹತ್ತಿಸಿದೆ. ಪಾರಿವಾಳದ ಗೋಪುರಕ್ಕೆ ಹನ್ನೊಂದು ಪುಟ. ಬಟ್ಟೆ ಒಗೆಯುವ ಚಾವಡಿಯ ಬುಗ್ಗೆಗೆ ನಾಲ್ಕು ಪುಟ: ‘ಐದು ಶತಮಾನಗಳಲ್ಲಿ ಒಮ್ಮೆಯೂ ಬತ್ತದ ವೊಸಾರ್‌ನ ಹೃದಯ.’ ನಮ್ಮ ಫುರ್ನೆಲ್‌ಗೆ ಒಂದು ವಾಕ್ಯ: ‘ಮೇಲಿನ ಕಾಡಂಚಿನಲ್ಲಿ ಕೆಲವು ಇದ್ದಿಲಿನವರು ವಾಸವಾಗಿದ್ದಾರೆ, ಅವರಿಗೆ ಇತಿಹಾಸವಿಲ್ಲ.’

ಅಮ್ಮನಿಗೆ ಅದನ್ನು ಓದಿ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಯುದ್ಧದಲ್ಲಿ ಸತ್ತವರ ಕಲ್ಲಿನ ಮೇಲೆ ಹತ್ತೊಂಬತ್ತು ಹೆಸರಿದೆ. ಅದ್ರಲ್ಲಿ ಐದು ನಮ್ಮ ಮನೆಗಳದ್ದು” ಎಂದಳು. “ಇತಿಹಾಸ ಇಲ್ದೇ ಇರೋರು ಸಾಯೋದಕ್ಕೆ ಮಾತ್ರ ಬೇಕಾದ್ರಂತಾ?”

ಐದು ವರ್ಷ ಕಳೆದು 1976ರ ಬೇಸಿಗೆ ಬಂತು. ಏಪ್ರಿಲ್‌ನಿಂದ ಹನಿ ಮಳೆಯಿಲ್ಲ. ಜುಲೈ ಮೊದಲ ವಾರದಲ್ಲಿ ಓರ್ವೆತ್ ಹಳ್ಳದಲ್ಲಿ ಹಸುಗಳು ಒಣ ಕಲ್ಲು ನೆಕ್ಕುತ್ತಿದ್ದವು. ಎರಡನೇ ವಾರ ‘ವೊಸಾರ್‌ನ ಹೃದಯ’ ನಿಂತೇಹೋಯಿತು. ಚಾವಡಿಯ ತೊಟ್ಟಿಯ ತಳದಲ್ಲಿ ಹಸಿರು ಪಾಚಿ, ಒಂದು ಸತ್ತ ಕಪ್ಪೆ, ಯಾರದೋ ಹಳೆಯ ಕಾಲುಚೀಲ. ಪೇಟೆಯಿಂದ ನೀರಿನ ಲಾರಿ ವಾರಕ್ಕೆರಡು ಸಲ ಬರುತ್ತಿತ್ತು, ಅದೂ ದನಗಳಿಗೇ ಸಾಲದು.

ಮೇಲೆ ನಮ್ಮ ಒರತೆ ಮಾತ್ರ ಎಂದಿನಂತೆ ಹರಿಯುತ್ತಿತ್ತು. ಅದು ನಮ್ಮ ಜೆಲಿ ಚಿಕ್ಕಮ್ಮನ ಹಿತ್ತಲಿನ ಪಕ್ಕದಲ್ಲಿದೆ. ಜೆಲಿಗೆ ಆಗ ಎಪ್ಪತ್ತೆರಡು. ಗಂಡನಿಲ್ಲ, ಹಲ್ಲಿಲ್ಲ, ನಾಲಿಗೆಗೆ ಮಾತ್ರ ಏನೂ ಕೊರತೆಯಿಲ್ಲ. ಕೆಳಗಿನವರು ಬಿಂದಿಗೆ, ಹಾಲಿನ ಕ್ಯಾನು ಹಿಡಿದು ಹತ್ತಿಬರತೊಡಗಿದರು. ಅವಳು ಯಾರಿಗೂ ಇಲ್ಲ ಎನ್ನಲಿಲ್ಲ. ಒಂದೇ ಒಂದು ನಿಯಮ ಮಾಡಿದಳು: ಬಂದವರು ಬಾಯಿಬಿಟ್ಟು ಕೇಳಬೇಕು. ಸುಮ್ಮನೆ ಬಂದು ತುಂಬಿಕೊಂಡು ಹೋಗುವಂತಿಲ್ಲ.

ಎಲ್ಲರೂ ಕೇಳಿದರು. ಮೇಯರ್ ಪೆಶಿನೊ ಕೂಡ ಕೇಳಿದ. ಕ್ಲೆರ್ಜೊನ ಹೆಂಡತಿ ಬೆರ್ತ್ ಮೂರು ದಿನ ಬಂದು ಕೇಳಿದಳು. ನಾಲ್ಕನೇ ದಿನ ಅವಳು ಕಾಲು ಉಳುಕಿಸಿಕೊಂಡಳು. ಈಗ ಗಂಡನೇ ಬರಬೇಕು. ಬಂದ, ಟೈ ಕಟ್ಟಿಕೊಂಡು, ಎರಡು ಬಕೆಟ್ಟು ಹಿಡಿದು. ನಾನು ಅಲ್ಲೇ ಜೆಲಿಗೆ ಅಂಚೆ ಕೊಡುತ್ತಿದ್ದೆ.

“ಏನ್ ಬೇಕಿತ್ತು ಕ್ಲೆರ್ಜೊ ಅವ್ರೇ?” ಎಂದಳು ಜೆಲಿ.

“ಕಾಣ್ತಾ ಇದ್ಯಲ್ಲಾ.”

“ಬಕೆಟ್ ಕಾಣ್ತಾ ಇದೆ. ಬಕೆಟ್ಟಿಗೆ ಬಾಯಿದ್ರೂ ಮಾತು ಬರಲ್ಲ ನೋಡಿ. ನಿಮಗಾದ್ರೂ ಬರುತ್ತಲ್ಲ?”

ಅವನ ಕಿವಿ ಕೆಂಪಾಯಿತು. ‘ಒಂದು ಬಕೆಟ್ ನೀರು ಕೊಡಿ’ ಎನ್ನಲು ಎಷ್ಟು ಹೊತ್ತು ಬೇಕು? ಅವನು ಖಾಲಿ ಬಕೆಟ್ಟುಗಳೊಂದಿಗೆ ಬಂದ ದಾರಿಗೇ ಇಳಿದುಹೋದ. ಹೋಗಿ ಏನು ಮಾಡಿದ? ಹೆಂಡತಿ ಒಣಗಿದ ಬಾಯಲ್ಲಿ ಕೂತಿದ್ದರೆ ಇವನು ಕಪಾಟು ತೆರೆದು ಹಳೆಯ ಕಾಗದಗಳ ಕಟ್ಟು ಬಿಚ್ಚಿದ. ಇದ್ದಿಲಿನವಳ ಮುಂದೆ ಬಾಯಿ ತೆರೆಯುವುದನ್ನು ತಪ್ಪಿಸಿಕೊಳ್ಳಲು ಕಾನೂನು ಹುಡುಕಿದ.

ಮುಂದಿನ ಭಾನುವಾರ ಗ್ರಾಮ ಕಚೇರಿಯಲ್ಲಿ ಸಭೆ ಕರೆಸಿದ. ಮೇಲಿನವರೂ ಬರಲೇಬೇಕು ಎಂದು ಹೇಳಿಕಳಿಸಿದ್ದ, ಬಂದೆವು. ಅವನ ಕೈಯಲ್ಲಿ 1784ರ ಒಂದು ಕರಾರು ಪತ್ರ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದ: ಒಣ ವರ್ಷಗಳಲ್ಲಿ ವೊಸಾರ್‌ನ ಜನ ಫುರ್ನೆಲ್‌ನ ಒರತೆಯಿಂದ ತಮಗೆ ಬೇಕಾದಷ್ಟು ನೀರು ಒಯ್ಯಲು ಹಕ್ಕುಳ್ಳವರು.

“ಹಕ್ಕು” ಎಂದು ಬೆರಳೆತ್ತಿ ಮತ್ತೊಮ್ಮೆ ಹೇಳಿದ. “ಇದು ಭಿಕ್ಷೆ ಅಲ್ಲ. ಯಾರನ್ನೂ ಏನೂ ಕೇಳ್ಬೇಕಾಗಿಲ್ಲ.”

ಜೆಲಿಗೆ ಅಕ್ಷರ ಅಷ್ಟಕ್ಕಷ್ಟೆ, ಹಳೆಯ ಬರಹವಂತೂ ಕೇಳುವುದೇ ಬೇಡ. ಆದರೆ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು.

“ಹಿಂದುಗಡೇನೂ ಏನೋ ಬರ್ದಿದೆ, ಶಾಯಿ ಈ ಕಡೆಗೇ ಇಳಿದಿದೆ. ಅದನ್ನೂ ಓದಿ.”

“ಅದು ಬರೀ ಷರತ್ತು…”

“ಷರತ್ತೇ ಓದಿ ಸ್ವಾಮಿ. ನಮಗೆ ಇತಿಹಾಸ ಇಲ್ವಲ್ಲ, ಷರತ್ತಾದ್ರೂ ಇರ್ಲಿ.”

ಇಡೀ ಸಭೆ ನಕ್ಕಿತು. ಅವನು ಬೇಕಿದ್ದರೆ ಸುಳ್ಳು ಓದಬಹುದಿತ್ತು, ಆ ಬರಹ ಬಿಡಿಸಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಕಾಗದದಲ್ಲಿ ಇರುವುದನ್ನು ಬಿಟ್ಟು ಬೇರೆ ಓದಲು ಆ ಗುಮಾಸ್ತನಿಗೆ ಬರುವುದೇ ಇಲ್ಲ. ಅದು ಪ್ರಾಮಾಣಿಕತೆ ಎಂದು ನಾನು ಹೇಳಲಾರೆ, ಗಾಡಿಯ ಎತ್ತು ಜಾಡು ಬಿಡದಿರುವುದನ್ನು ಯಾರೂ ಪ್ರಾಮಾಣಿಕತೆ ಎನ್ನುವುದಿಲ್ಲ. ಪತ್ರ ತಿರುಗಿಸಿ ಓದಿದ: ಈ ಹಕ್ಕಿಗೆ ಪ್ರತಿಯಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ ಕೆಳಗಿನ ಊರಿನ ಇಬ್ಬರು ಮನೆಯ ಯಜಮಾನರು ಮೇಲೆ ಬಂದು, ಟೋಪಿ ತೆಗೆದು ಅಪ್ಪಣೆ ಕೇಳಿ, ಒರತೆಯ ಕೆಸರು ತೆಗೆಯತಕ್ಕದ್ದು. ತಪ್ಪಿದರೆ ಹಕ್ಕು ಇಲ್ಲ.

ಜೆಲಿ ಬೆರಳು ಮಡಿಸಿ ಲೆಕ್ಕ ಹಾಕುವಂತೆ ನಟಿಸಿದಳು.

“ನೂರಾ ತೊಂಬತ್ತೆರಡು ವರ್ಷದ ಕೆಸರು. ಗುದ್ದಲಿ ಇದ್ಯಾ ಕ್ಲೆರ್ಜೊ ಅವ್ರೇ, ಇಲ್ಲಾಂದ್ರೆ ನಮ್ಮದೇ ಕೊಡ್ಲಾ?”

ಬುಧವಾರ ಬೆಳಿಗ್ಗೆ ಅವನೂ ಮೇಯರ್ ಪೆಶಿನೊನೂ ಮೇಲೆ ಬಂದರು. ಫುರ್ನೆಲ್‌ನ ಒಂಬತ್ತು ಮನೆಯವರೂ ಕುರ್ಚಿ ತಂದು ಹಾಕಿಕೊಂಡು ಕೂತಿದ್ದೆವು, ಕುಡಿಯಲು ಪ್ಲಮ್ ಹಣ್ಣಿನ ಸಾರಾಯಿಯೂ ಇತ್ತು. ನಾನು ಅಂಚೆ ಚೀಲ ಬದಿಗಿಟ್ಟು ನೋಡಿದೆ. ತಡವಾಗಿ ಬಂದ ಕಾಗದದಿಂದ ಆ ದಿನ ಯಾರೂ ಸಾಯಲಿಲ್ಲ. ಕ್ಲೆರ್ಜೊ ಟೋಪಿ ತೆಗೆದ. ಬಾಯಿ ಎರಡು ಸಲ ತೆರೆದು ಮುಚ್ಚಿತು.

“ಅಪ್ಪಣೆ… ಕೊಡಿ.”

“ಜೋರಾಗಿ. ಹಿಂದಿನವರಿಗೆ ಕೇಳಿಸ್ಲಿಲ್ಲ.”

“ಅಪ್ಪಣೆ ಕೊಡಿ, ಜೆಲಿ ಅಮ್ಮಾ!”

ಕೊಟ್ಟಳು. ಮೇಯರ್ ನಗುನಗುತ್ತಾ ಷರಟು ಬಿಚ್ಚಿ ಕೆಸರಿಗಿಳಿದ. ಕ್ಲೆರ್ಜೊ ಟೈ ಬಿಚ್ಚಲಿಲ್ಲ. ಅರ್ಧ ಗಂಟೆಯಲ್ಲಿ ಅಂಗೈಯ ಬೊಬ್ಬೆ ಒಡೆದು ಗುದ್ದಲಿಯ ಹಿಡಿಗೆ ರಕ್ತ ಹತ್ತಿತು. ಆದರೂ ನಿಲ್ಲಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಗುದ್ದಲಿಗೆ ಒಂದು ಚಪ್ಪಡಿ ತಗುಲಿತು. ಮಣ್ಣು ಸರಿಸಿದರೆ ಕೆತ್ತಿದ ಶಿಲುಬೆ, ಅದರ ಕೆಳಗೆ ಒಂದು ಇಸವಿ: 1412. ಕೆಳಗಿನ ಊರಿನಲ್ಲಿ ಅಷ್ಟು ಹಳೆಯದು ಯಾವುದೂ ಇಲ್ಲ. ಯಾವುದೋ ಕಾಲದ ಗುಡಿಯ ಹೊಸ್ತಿಲು ಅದು.

ಅವನು ಅವಮಾನವನ್ನೇ ಮರೆತ. ಕೆಸರಿನಲ್ಲಿ ಮಂಡಿಯೂರಿ, ಆ ಬಸ್ ಸೀಟು ಒರೆಸುವ ಕರವಸ್ತ್ರದಿಂದ ಅಂಕಿಗಳನ್ನು ಉಜ್ಜತೊಡಗಿದ.

“ಕಂಡುಹಿಡಿದೆ! ಪೆಶಿನೊ, ನೋಡ್ರೀ ಇಲ್ಲಿ, ನಾನು ಕಂಡುಹಿಡಿದೆ!”

“ಏನ್ ಕಂಡುಹಿಡಿದ್ರಿ?” ಎಂದಳು ಜೆಲಿ. “ನಮ್ಮಜ್ಜಿ ಬಟ್ಟೆ ಒಗೀತಿದ್ದ ಕಲ್ಲು ಅದು. ನಾನು ಚಿಕ್ಕವಳಿದ್ದಾಗ ಮಣ್ಣಲ್ಲಿ ಮುಚ್ಚಿಹೋಯ್ತು.”

ಅವನಿಗೆ ಕೇಳಿಸಲೇ ಇಲ್ಲ.

ಮರುವರ್ಷ ಅವನ ಪುಸ್ತಕಕ್ಕೆ ಹದಿನಾರು ಪುಟಗಳ ಪುರವಣಿ ಬಂತು: ‘ಫಿರ್ಮಾಂ ಕ್ಲೆರ್ಜೊ ಅವರು ಶೋಧಿಸಿದ ಫುರ್ನೆಲ್‌ನ ಪ್ರಾಚೀನ ಗುಡಿ.’ ವೊಸಾರ್‌ಗಿಂತ ಮೊದಲು ಜನ ನೆಲೆಸಿದ್ದು ಮೇಲೆಯೇ, ಕೆಳಗಿನವರೆಲ್ಲ ಅಲ್ಲಿಂದ ಇಳಿದುಬಂದವರು ಎಂದು ಅವನೇ ಸಾಧಿಸಿದ್ದ. ಜೆಲಿಯ ಹೆಸರಾಗಲಿ ಅವಳ ಅಜ್ಜಿಯ ಹೆಸರಾಗಲಿ ಎಲ್ಲೂ ಇಲ್ಲ. ಇತಿಹಾಸವಿಲ್ಲ ಎಂದ ಆ ವಾಕ್ಯಕ್ಕೆ ಒಂದು ತಿದ್ದುಪಡಿಯೂ ಇಲ್ಲ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಆ ವಾಕ್ಯವನ್ನು ಹಾಗೇ ಬಿಟ್ಟಿದ್ದಕ್ಕಾಗಿ ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಒಂದು ಮಾತನ್ನು ಮಾತ್ರ ಮುಚ್ಚಿಡಲಾರೆ. ಅಲ್ಲಿಂದ ಮುಂದೆ ಪ್ರತಿ ಮೇ ತಿಂಗಳು ಅವನು ಗುದ್ದಲಿ ಹೊತ್ತು ಬಂದ, ಹನ್ನೆರಡು ವರ್ಷ. ಕೆಳಗೆ ಕೊಳಾಯಿ ನೀರು ಬಂದು ಯಾರಿಗೂ ಒರತೆ ಬೇಕಿಲ್ಲದಿದ್ದಾಗಲೂ ಬಂದ. ಜೊತೆಗೆ ಎರಡನೆಯವನು ಸಿಗದಿದ್ದರೆ ಒಬ್ಬನೇ ಇಬ್ಬರ ಕೆಲಸ ಮಾಡಿದ. ಟೋಪಿ ತೆಗೆದ, ಅಪ್ಪಣೆ ಕೇಳಿದ. ಒಳ್ಳೆಯವನಾದ ಎಂದುಕೊಳ್ಳಬೇಡಿ. ಕರಾರಿನಲ್ಲಿ ಬರೆದಿತ್ತು, ಬಂದ. ಹೆಂಡತಿಯನ್ನು ಹಳ್ಳಕ್ಕೆ ನೂಕಬೇಕು ಎಂದು ಬರೆದಿದ್ದರೆ ಅದನ್ನೂ ಟೈ ಕಟ್ಟಿಕೊಂಡು ಮಾಡುತ್ತಿದ್ದ. ನಾವು ಒರತೆಯ ನೀರಿಗೆ ಕಾಲುವೆ ಬಿಡಿಸುವ ರೀತಿ ಸರಿಯಿಲ್ಲ ಎಂದು ಪ್ರತಿ ಸಲ ನಮಗೇ ಪಾಠ ಹೇಳಿ ಹೋಗುತ್ತಿದ್ದ.

1989ರ ಮಾರ್ಚ್‌ನಲ್ಲಿ ಎದೆನೋವಿನಿಂದ ಸತ್ತ. ಹಂಚಿ ಉಳಿದ ಪುಸ್ತಕಗಳನ್ನು ಬೆರ್ತ್ ಎರಡು ಚಳಿಗಾಲ ಒಲೆಗೆ ಹಾಕಿದಳು. “ಕಾಗದ ದಪ್ಪ ಒದೆತ್, ಚೆನ್ನಾಗಿ ಉರಿಯುತ್ತೆ” ಎಂದು ನನಗೆ ಹೇಳಿ ಕಾಫಿ ಕೊಟ್ಟಳು. ಆ ಮನೆಯಲ್ಲಿ ನಾನು ನೆಮ್ಮದಿಯಾಗಿ ಕುಡಿದ ಮೊದಲ ಕಾಫಿ ಅದು.

ಅವನು ಸತ್ತ ಮರುವರ್ಷ ಹೊಸ ಮೇಯರ್ ಒರತೆಯ ಬಳಿ ಕಬ್ಬಿಣದ ಕಂಬ ನೆಟ್ಟು, ಕ್ಲೆರ್ಜೊನ ಹೆಸರಿನ ಫಲಕ ಹಾಕಿಸಿದ. ಜೆಲಿಗೆ ಆಗ ಎಂಬತ್ತಾರು. ಕೋಲೂರಿಕೊಂಡು ಬಂದು ಫಲಕ ನೋಡಿದಳು, ಏನು ಬರೆದಿದೆ ಎಂದು ಕೇಳಲಿಲ್ಲ. ಕಂಬವನ್ನು ಎರಡು ಸಲ ಅಲುಗಾಡಿಸಿ ನೋಡಿ, ತನ್ನ ಮೇಕೆಯ ಹಗ್ಗವನ್ನು ಅದಕ್ಕೆ ಕಟ್ಟಿದಳು.

“ಪರವಾಗಿಲ್ಲ, ಗಟ್ಟಿಯಾಗೇ ನೆಟ್ಟಿದ್ದಾರೆ” ಎಂದಳು.